ಪೀಠಿಕೆ ಮತ್ತು ಪಠ್ಯ: ಚಿಕ್ಕಬಳ್ಳಾಪುರ ಸೀಮೆಯ ಸ್ಮಾರಕಗಳನ್ನು ಓದುವ ಕ್ರಮ

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಐತಿಹಾಸಿಕ ಸ್ಥಳಗಳನ್ನು ಪರಿಚಯಿಸುವ ಬರೆಹಗಳಲ್ಲಿ ಸಾಮಾನ್ಯವಾಗಿ ಒಂದೇ ಅನುಕ್ರಮ ಕಂಡುಬರುತ್ತದೆ. ಮೊದಲು ನಂದಿ, ಅನಂತರ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ, ಬಳಿಕ ಚಿಂತಾಮಣಿ ತಾಲ್ಲೂಕಿನ ಕೈವಾರ. ಶಿಡ್ಲಘಟ್ಟದ ಸರದಿ ಬಂದಾಗ ಲೇಖನಿ ರೇಷ್ಮೆಗೂಡಿನ ಮಾರುಕಟ್ಟೆಯತ್ತ ಹೊರಳುತ್ತದೆ. ಅಲ್ಲಿ ನೋಡತಕ್ಕ ಇತಿಹಾಸವೇನೂ ಇಲ್ಲವೆಂಬ ಭಾವನೆ ಓದುಗನಲ್ಲಿ ಉಳಿಯುತ್ತದೆ. ಈ ಕೊರತೆ ನೆಲದ್ದಲ್ಲ, ಓದಿನ ಕ್ರಮದ್ದು. ಆ ಕ್ರಮದ ಮೂಲವನ್ನು ಗುರುತಿಸಲು ಈ ಸೀಮೆಯ ಆಧಾರಗ್ರಂಥವನ್ನೇ ವಿಮರ್ಶೆಗೆ ಒಳಪಡಿಸಬೇಕಾಗುತ್ತದೆ.

ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಬಯಲುಸೀಮೆಯ ಈ ಕಲ್ಬರೆಹಗಳು 1905ರಲ್ಲಿ ಅಚ್ಚಾದದ್ದು ಕರಾವಳಿಯಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಈ ಸಂಪುಟದಲ್ಲಿ ಎರಡು ವಿನ್ಯಾಸಗಳಿವೆ. ಪೀಠಿಕೆಯು ರಾಜವಂಶಗಳ ಅನುಕ್ರಮವನ್ನು ಅನುಸರಿಸುತ್ತದೆ. ಬಾಣರು, ಗಂಗರು, ನೊಳಂಬರು, ಚೋಳರು, ವಿಜಯನಗರದ ಅರಸರು ಒಬ್ಬರ ಹಿಂದೊಬ್ಬರು ಬಂದು ಹೋಗುತ್ತಾರೆ. ಪಠ್ಯಭಾಗವಾದರೋ ತಾಲ್ಲೂಕುವಾರು ಜೋಡಣೆಯಾಗಿದೆ. ಅಲ್ಲಿ ಚಕ್ರವರ್ತಿಯ ದಾನಶಾಸನಕ್ಕೂ ತುರುಗಾಳಗದಲ್ಲಿ ಮಡಿದವನ ಕಲ್ಲಿಗೂ ಒಂದೊಂದೇ ಸಂಖ್ಯೆ. ನಂತರದ ಸ್ಥಳಪರಿಚಯದ ಬರೆಹಗಳು ಬಹುಮಟ್ಟಿಗೆ ಪೀಠಿಕೆಯನ್ನು ಉತ್ತರಾಧಿಕಾರವಾಗಿ ಪಡೆದು ಪಠ್ಯವನ್ನು ಕೈಬಿಟ್ಟವು.

ಪೀಠಿಕೆಯ ಕ್ರಮಕ್ಕೆ ನಂದಿ ಹೇಳಿಮಾಡಿಸಿದ ಸ್ಥಳ. ಭೋಗನಂದೀಶ್ವರ ದೇವಾಲಯದ ಪ್ರಾಚೀನತೆಯನ್ನು ಒಂಬತ್ತನೆಯ ಶತಮಾನದ ಆರಂಭಕ್ಕೆ, ನೊಳಂಬರ ಹಾಗೂ ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲಕ್ಕೆ ಒಯ್ಯಲಾಗುತ್ತದೆ. ಬಾಣರ ರಾಣಿ ರತ್ನಾವಳಿಯ ಹೆಸರೂ ಅದರ ನಿರ್ಮಾಣದೊಡನೆ ತಳುಕು ಹಾಕಿಕೊಂಡಿದೆ. ಅರುಣಾಚಲೇಶ್ವರ, ಭೋಗನಂದೀಶ್ವರ ಗುಡಿಗಳು, ಅವುಗಳ ನಡುವಿನ ಉಮಾಮಹೇಶ್ವರ, ಶೃಂಗಿತೀರ್ಥವೆಂಬ ಕಲ್ಯಾಣಿ, ಬೆಟ್ಟದ ಮೇಲಿನ ಯೋಗನಂದೀಶ್ವರ, ಟಿಪ್ಪುವಿನ ಕೋಟೆ, 1791ರ ಅಕ್ಟೋಬರಿನಲ್ಲಿ ಅದು ಬ್ರಿಟಿಷರ ವಶವಾದ ಪ್ರಸಂಗ: ಎಲ್ಲವೂ ಕಾಲಾನುಕ್ರಮದ ಸರಪಳಿಗೆ ಸಲೀಸಾಗಿ ಕೂಡಿಕೊಳ್ಳುತ್ತವೆ. ಇಂಥ ವಿವರಣೆ ತಪ್ಪಲ್ಲ, ಅಪೂರ್ಣ. ಕಟ್ಟಿಸಿದವರು ಯಾರೆಂದು ಹೇಳುವ ಅದು, ಈ ಗುಡಿಗಳನ್ನು ಶತಮಾನಗಳ ಕಾಲ ಪೊರೆದ ನೆಲ, ನೀರು, ದುಡಿಮೆಗಳ ವಿಚಾರದಲ್ಲಿ ಮೌನವಾಗಿದೆ.

ಆ ಮೌನಕ್ಕೆ ಉತ್ತರ ತಾಲ್ಲೂಕುವಾರು ಪಠ್ಯದಲ್ಲಿದೆ. ನಂದಿಯ ಸುತ್ತಣ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಪೂರ್ವ ಸಮುದ್ರವನ್ನು ಸೇರುತ್ತವೆ. ಹುಟ್ಟಿದ ಸೀಮೆಗೆ ಮಾತ್ರ ವರ್ಷವಿಡೀ ನೀರು ಕೊಡುವುದಿಲ್ಲ. ಹೀಗಾಗಿ ಇಲ್ಲಿಯ ಬದುಕು ಕೆರೆಯನ್ನು ಆಶ್ರಯಿಸಿತು. ಕೆರೆಯನ್ನು ಕಟ್ಟಿದವರಿಗೆ ಮತ್ತು ಅದರ ನಿರ್ವಹಣೆಗೆ ಬಿಟ್ಟ ಭೂಮಿಯನ್ನು ಶಾಸನಗಳು ‘ಬಿತ್ತುವಟ್ಟ’ವೆಂದು ಕರೆದರೆ, ಕಾದಿ ಸತ್ತವನ ಮನೆತನಕ್ಕೆ ಕೊಟ್ಟ ಭೂಮಿ ‘ಬಾಳ್ಗಳ್ಚು’ ಎನಿಸಿಕೊಂಡಿತು. ದನವನ್ನೂ ನೀರನ್ನೂ ಕಾಯುವುದೇ ಊರನ್ನು ಉಳಿಸುವ ಬಗೆಯಾಗಿದ್ದ ಸಮಾಜದ ದಾಖಲೆಗಳಿವು. ಈ ದೃಷ್ಟಿಯಿಂದ ನೋಡಿದಾಗ ಶಿಡ್ಲಘಟ್ಟ ಬರಿದಾಗಿ ಕಾಣದು. ಅದರ ಚರಿತ್ರೆ ಗೋಪುರದ ರೂಪದಲ್ಲಿರದೆ ಕೆರೆಯ ಏರಿ, ಹೊಲದ ಬದು, ಊರ ಮುಂದಿನ ಕಲ್ಲುಗಳಲ್ಲಿ ಹರಡಿಕೊಂಡಿದೆ.

ಭಾಷೆಯ ವಿಷಯದಲ್ಲಿಯೂ ವಂಶಾನುಕ್ರಮದ ಮಿತಿ ಎದ್ದು ಕಾಣುತ್ತದೆ. ಈ ಸಂಪುಟದಲ್ಲಿ ಕನ್ನಡದೊಡನೆ ತಮಿಳು, ತೆಲುಗು ಶಾಸನಗಳೂ ಇವೆ. ತಮಿಳು ಬಂದರೆ ಚೋಳರು, ತೆಲುಗು ಬಂದರೆ ವಿಜಯನಗರೋತ್ತರ ಕಾಲ ಎಂಬ ಸುಲಭ ಸಮೀಕರಣ ಅಷ್ಟಕ್ಕೇ ನಿಂತುಬಿಡುತ್ತದೆ. ತೆಲುಗು, ಕನ್ನಡಗಳೆರಡರಲ್ಲಿಯೂ ಹಾಡಿದ ಕೈವಾರದ ಯೋಗಿ ನಾರೇಯಣರನ್ನಾಗಲಿ, ಬೇರೆ ಬೇರೆ ಮತದವರು ಹರಕೆ ಹೊತ್ತು ಬರುವ ಮುರುಗಮಲ್ಲದ ದರ್ಗಾವನ್ನಾಗಲಿ ಯಾವ ಅರಸನ ಖಾತೆಗೆ ಹಾಕಬೇಕು? ಗಡಿನಾಡಿನ ಪರಂಪರೆ ಆಳಿದವರ ಪಟ್ಟಿಗಿಂತ ಹಿರಿದೆಂಬುದಕ್ಕೆ ಚಿಂತಾಮಣಿ ತಾಲ್ಲೂಕಿನ ಈ ಎರಡು ಸ್ಥಳಗಳೇ ಸಾಕ್ಷಿ.

ವಿದುರಾಶ್ವತ್ಥವಂತೂ ಎರಡೂ ಕ್ರಮಗಳನ್ನು ಪರೀಕ್ಷೆಗೆ ಒಡ್ಡುತ್ತದೆ. ವಿದುರನ ಹೆಸರಿನೊಡನೆ ಬೆಸೆದ ಅಶ್ವತ್ಥ, ಸಂತಾನವನ್ನು ಬೇಡಿ ಪ್ರತಿಷ್ಠಾಪಿಸಿದ ನೂರಾರು ನಾಗರಕಲ್ಲುಗಳು, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ನಡೆದ ಗೋಲಿಬಾರು: ಮೂರೂ ಒಂದೇ ಆವರಣದ ಸಂಗತಿಗಳು. ಮಡಿದವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕ ಹತ್ತರ ಆಸುಪಾಸಿನಲ್ಲಿದ್ದರೆ, ಜನರ ನೆನಪು 32 ಎನ್ನುತ್ತದೆ. ಸ್ಥಳಪರಿಚಯಗಳು ಕ್ಷೇತ್ರಮಹಿಮೆಯನ್ನೂ ಹೋರಾಟದ ಕಥೆಯನ್ನೂ ಬೇರೆಬೇರೆ ಅಧ್ಯಾಯಗಳಿಗೆ ಹಂಚುತ್ತವೆ. ಆದರೆ ಊರಿಗಾಗಿ ಸತ್ತವನನ್ನು ಕಲ್ಲಾಗಿ ನಿಲ್ಲಿಸುವ, ಹರಕೆಯನ್ನು ಕಲ್ಲಿನಲ್ಲಿ ಒಪ್ಪಿಸುವ ಸೀಮೆಯಲ್ಲಿ ಹುತಾತ್ಮರ ಸ್ಮಾರಕ ವೀರಗಲ್ಲಿನ ಪರಂಪರೆಗೆ ಹೊರಗಿನದಲ್ಲ. 2001ರಲ್ಲಿ ಹಳೆಯ ಅಶ್ವತ್ಥ ಧರೆಗುರುಳಿದ ಮೇಲೂ ಕ್ಷೇತ್ರ ಉಳಿದಿರುವುದು ಇಂಥ ನೆನಪಿನ ಬಲದಿಂದ.

ಇದಕ್ಕೆ ಒಂದು ಆಕ್ಷೇಪಣೆ ಸಾಧ್ಯ. ವಂಶಾನುಕ್ರಮವನ್ನು ಕೈಬಿಟ್ಟರೆ ಕಾಲನಿರ್ಣಯಕ್ಕೆ ಆಧಾರವೆಲ್ಲಿ? ಅನೇಕ ವೀರಗಲ್ಲುಗಳ ಕಾಲ ಗೊತ್ತಾಗುವುದು ಅಲ್ಲಿ ಹೆಸರಿಸಿದ ಅರಸನಿಂದ, ಇಲ್ಲವೆ ಲಿಪಿಯ ಲಕ್ಷಣದಿಂದ. ಈ ಮಾತು ನಿಜ. ಪೀಠಿಕೆಯಿಲ್ಲದೆ ಪಠ್ಯಕ್ಕೆ ಕಾಲದ ಚೌಕಟ್ಟು ದೊರೆಯದು. ಪಠ್ಯವಿಲ್ಲದೆ ಪೀಠಿಕೆಗೆ ಜನರು ದೊರೆಯರು. ಆಕ್ಷೇಪಿಸಬೇಕಾದುದು ರೈಸ್ ಅವರ ಪೀಠಿಕೆಯನ್ನಲ್ಲ, ಅದನ್ನೇ ಇಡೀ ಗ್ರಂಥವೆಂದು ಭಾವಿಸಿದ ರೂಢಿಯನ್ನು.

ಈ ರೂಢಿಯ ಪರಿಣಾಮ ಪುಸ್ತಕಕ್ಕೆ ಸೀಮಿತವಾದುದಲ್ಲ. ಪಟ್ಟಿಗೆ ಸೇರಿದ ದೇವಾಲಯಕ್ಕೆ ರಕ್ಷಣೆಯಿದೆ. ಪಟ್ಟಿಗೆ ಸೇರದ ಕಲ್ಲು ರಸ್ತೆ ಅಗಲವಾಗುವಾಗ, ಏರಿ ದುರಸ್ತಿಯಾಗುವಾಗ ಹೂತುಹೋಗಬಹುದು, ಒಡೆದುಹೋಗಬಹುದು. 2021ರಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿ ತನ್ನ ಸುತ್ತಲ ಪ್ರದೇಶದ ಶಾಸನಶಿಲೆಗಳನ್ನು ಹುಡುಕಿ ಮೂರು ಆಯಾಮಗಳ ಗಣಕ ಪ್ರತಿಗಳನ್ನು ರೂಪಿಸುವ ಕಾರ್ಯಕ್ಕೆ ತೊಡಗಿತು. ಹತ್ತನೆಯ ಸಂಪುಟದ ತಾಲ್ಲೂಕುವಾರು ಸಂಖ್ಯೆಗಳನ್ನು ಹಿಡಿದು ಈ ನಾಲ್ಕು ತಾಲ್ಲೂಕುಗಳ ಊರೂರಿಗೆ ಹೋಗಿ, ಯಾವ ಕಲ್ಲು ಇದ್ದ ಕಡೆಯೇ ಇದೆ, ಯಾವುದು ಸ್ಥಳಾಂತರವಾಗಿದೆ, ಯಾವುದು ಮುದ್ರಿತ ಪಾಠವಾಗಿ ಮಾತ್ರ ಉಳಿದಿದೆ ಎಂದು ದಾಖಲಿಸುವುದು ಅಷ್ಟೇ ಅಗತ್ಯವಾದ ಕೆಲಸ. ಅಂಥ ಮರುಸಮೀಕ್ಷೆಯನ್ನು ಶಿಡ್ಲಘಟ್ಟದಿಂದ ಆರಂಭಿಸುವುದು ಯುಕ್ತ.