ಮರದ ಸಾಹುಕಾರನ ಔದಾರ್ಯ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಮಾಘ ಫಾಲ್ಗುಣ ಮಾಸಗಳಲ್ಲಿ ಹೋದವರಿಗೆ ಒಂದೇ ಹುಣಿಸೆಮರಕ್ಕೆ ಎರಡು ಬಗೆಯ ಬೆಲೆಯುಂಟೆಂಬುದು ಕಣ್ಣಿಗೇ ಕಾಣುತ್ತದೆ. ಶಿಂಷಾ ನದಿಗೆ ಹತ್ತಿರದ ಆ ಊರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಅಡವಿಯಲ್ಲಲ್ಲ, ಕೆರೆಯ ನಡುಗಡ್ಡೆಯಲ್ಲಲ್ಲ. ಮನೆಗಳ ಹಿತ್ತಿಲಲ್ಲಿ, ಬೀದಿಯ ಮಗ್ಗುಲಲ್ಲಿ, ಒಕ್ಕಲುಮಕ್ಕಳ ಸ್ವಂತ ಹುಣಿಸೆ ಆಲದ ಮರಗಳಲ್ಲಿ. ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವುಗಳನ್ನು ಕುರಿತು ಹೇಳುವುದುಂಟು. ಹಕ್ಕಿ ಕುಳಿತ ಮರದ ಹುಣಿಸೆಯ ಫಲವು ಒಡೆಯನ ಕೈಗೆ ಪೂರ್ತಿ ಹತ್ತುವುದಿಲ್ಲ. ಅದೇ ಮರವನ್ನು ಕಡಿದು ಮಾರಿದರೆ ಒಡನೆಯೇ ಹಣ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಹಕ್ಕಿಗಳ ನೆಲೆಯನ್ನು ಹೊರಗಿನವರ ಗಮನಕ್ಕೆ ತಂದ ಮೇಲೆ ಮರದೊಡೆಯರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಏರ್ಪಾಟಾಯಿತು. 1994ರಲ್ಲಿ ಹೆಜ್ಜಾರ್ಲೆ ಬಳಗ ಹುಟ್ಟಿತು. 2007ರಲ್ಲಿ ಊರು ಸಮುದಾಯ ಸಂರಕ್ಷಿತ ಪ್ರದೇಶವೆನಿಸಿತು. ಇಷ್ಟೆಲ್ಲ ಏರ್ಪಾಟುಗಳು ಬೇಕಾದುದು ಏಕೆಂದರೆ ಮರದ ವ್ಯಾಪಾರಿಯ ಲೆಕ್ಕವು ಬಹು ಬಲವಾದ ಲೆಕ್ಕ.

ಮರವನ್ನು ಗೂಡೆಂದು ಕಾಣುವ ಕಣ್ಣು ಒಂದು, ಅಡಿಗಿಷ್ಟು ಎಂದು ಕಾಣುವ ಕಣ್ಣು ಇನ್ನೊಂದು. ಈ ಎರಡನೆಯ ಕಣ್ಣು ರಾಜ್ಯಭಾರದ ಪೀಠದಲ್ಲಿ ಕುಳಿತರೆ ಮನುಷ್ಯರನ್ನು ಹೇಗೆ ಕಾಣುತ್ತದೆಂಬುದು ವಿಚಾರಮಾಡತಕ್ಕ ವಿಷಯ. ಇದಕ್ಕೆ ಒಬ್ಬ ಮನುಷ್ಯನ ಚರಿತ್ರೆಯನ್ನೂ ಎರಡು ಗ್ರಂಥಗಳನ್ನೂ ಜೊತೆಯಲ್ಲಿಟ್ಟು ನೋಡಬಹುದು. ಮನುಷ್ಯನು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ತೆಂಕಣ ಭಾಗದ ಮಿಸಿಸಿಪ್ಪಿಯ ಗವರ್ನರನಾಗಿದ್ದ ಹ್ಯೂ ವೈಟ್; ಗ್ರಂಥಗಳು ಅದೇ ಮಿಸಿಸಿಪ್ಪಿಯ ವಿಲಿಯಂ ಫಾಕ್ನರರ ‘ಗೋ ಡೌನ್, ಮೋಸಸ್’ ಮತ್ತು ನಮ್ಮ ಶ್ರೀ ಶಿವರಾಮ ಕಾರಂತರ ‘ಚೋಮನ ದುಡಿ’. ವೈಟ್ ಎಂದರೆ ಬಿಳಿಯ. ಕಾದಂಬರಿಕಾರನೊಬ್ಬನು ತನ್ನ ಪಾತ್ರಕ್ಕೆ ಈ ಹೆಸರಿಟ್ಟಿದ್ದರೆ ಇದು ಅತಿಯಾಯಿತೆಂದು ವಿಮರ್ಶಕರು ಆಕ್ಷೇಪಿಸುತ್ತಿದ್ದರು; ಚರಿತ್ರೆಗೆ ಅಂಥ ಸಂಕೋಚವಿಲ್ಲ.

ವೈಟನು 1881ರಲ್ಲಿ ಹುಟ್ಟಿದವನು. ಮನೆತನದ ಕಸುಬು ಮರ ಕೊಯ್ಯುವ ಕಾರ್ಖಾನೆ. ಮಿಸಿಸಿಪ್ಪಿಯ ದಕ್ಷಿಣಾರ್ಧವನ್ನು ಒಮ್ಮೆ ಉದ್ದನೆಯ ಎಲೆಯ ಪೈನ್ ಮರಗಳ ಮಹಾರಣ್ಯವು ಮುಚ್ಚಿತ್ತು. ರೈಲು ಬಂದ ಮೇಲೆ, ಸುಮಾರು ಒಂದು ತಲೆಮಾರಿನ ಕಾಲದಲ್ಲಿ, ಅದೆಲ್ಲವೂ ಹಲಗೆಯಾಗಿ ತೊಲೆಯಾಗಿ ಹೊರಟುಹೋಗಿ ಮೈಲಿಗಟ್ಟಲೆ ಬರಿಯ ಬೊಡ್ಡೆಗಳು ಉಳಿದುವು. ಆ ಭಾಗದ ಕಾಡುಗಳಲ್ಲಿ ಗರಗಸ ಎಳೆದವರಲ್ಲಿ ಕಪ್ಪುಜನರು ಬಹುಮಂದಿ. ಲಾಭದ ಪಾಲು ಯಾರದೆಂದು ಹೇಳಬೇಕಾದುದಿಲ್ಲ. ಶ್ರೀಮಂತನಾದ ವೈಟನು 1926ರಲ್ಲಿ ಕೊಲಂಬಿಯಾ ಪಟ್ಟಣದ ಮೇಯರಾದನು. ಕಾಡು ಮುಗಿದು ಊರಿಗೆ ಕೆಲಸವಿಲ್ಲದಾದಾಗ ಶಿಕಾಗೋ ನಗರದ ಉಡುಪು ಹೊಲಿಯುವ ಕಾರ್ಖಾನೆಯೊಂದನ್ನು ಅಲ್ಲಿಗೆ ಕರೆತಂದನು. ತಾನು ಬರಿದು ಮಾಡಿದ ನೆಲಕ್ಕೆ ತಾನೇ ಬೇರೊಂದು ಜೀವನೋಪಾಯವನ್ನು ಹುಡುಕಿಕೊಟ್ಟ ಈ ಚಾತುರ್ಯಕ್ಕೆ ಜನ ಮೆಚ್ಚಿದರು. 1931ರಲ್ಲಿ ಗವರ್ನರ್ ಪದವಿಗೆ ನಿಂತು ಸೋತರೂ 1935ರಲ್ಲಿ ಗೆದ್ದನು. ಇಲ್ಲಿ ಜನವೆಂದರೆ ಬಿಳಿಯರೆಂದೇ ತಿಳಿಯಬೇಕು; 1890ರ ಸಂವಿಧಾನವು ಮತದ ತೆರಿಗೆ, ಓದುಬರಹದ ಪರೀಕ್ಷೆ ಮೊದಲಾದ ಉಪಾಯಗಳಿಂದ ಕಪ್ಪುಜನರನ್ನು ಮತದ ಪೆಟ್ಟಿಗೆಯಿಂದ ಹೆಚ್ಚುಕಡಮೆ ಪೂರ್ತಿಯಾಗಿ ದೂರವಿಟ್ಟಿತ್ತು.

1936ರಲ್ಲಿ ವೈಟನು ತಂದ ಯೋಜನೆಯು ಇಂದಿಗೂ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಹೆಸರಾಗಿದೆ. ಬೇಸಾಯಕ್ಕೆ ಕೈಗಾರಿಕೆಯನ್ನು ಸರಿತೂಗಿಸುವುದು ಅದರ ಘೋಷಣೆ. ಊರವರು ಮತ ಕೊಟ್ಟು ಒಪ್ಪಿದರೆ ಪುರಸಭೆಯು ಸಾಲಪತ್ರಗಳನ್ನು ಹೊರಡಿಸಿ ಕಾರ್ಖಾನೆಯ ಕಟ್ಟಡವನ್ನು ಕಟ್ಟಿಸಿ ಕಂಪೆನಿಗೆ ಬಾಡಿಗೆಗೆ ಕೊಡಬಹುದು. ಪ್ಯಾಸ್ಕಗೂಲಾದ ಹಡಗುಕಟ್ಟೆಯು ಹೀಗೆ ಬಂದುದು. ಮಂಡ್ಯದ ಸೀಮೆಯವರಿಗೆ ಇಂಥ ಆಲೋಚನೆ ಹೊಸದೇನೂ ಅಲ್ಲ. ಅದಕ್ಕೆ ಮೂರು ವರ್ಷ ಮೊದಲೇ, 1933ರಲ್ಲಿ, ಕಾಲುವೆಯ ನೀರು ಬೆಳೆಸಿದ ಕಬ್ಬಿಗೆ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಹುಟ್ಟಿತ್ತು. ಸರ್ಕಾರವೂ ರೈತನೂ ಕೂಡಿ ಒಂದು ಚಿಮಣಿಯನ್ನೆತ್ತಿದರೆ ಸುತ್ತಣ ಹಳ್ಳಿಗಳ ಬಾಳು ಹೇಗೆ ಬದಲಾಯಿಸುವುದೆಂಬುದನ್ನು ಇಲ್ಲಿಯ ಹಿರಿಯರು ಕಣ್ಣಾರೆ ಕಂಡಿದ್ದರು. ಆದುದರಿಂದ ವೈಟನನ್ನು ಬರಿಯ ದುಷ್ಟನೆಂದು ತಳ್ಳಿಹಾಕುವುದು ಸುಲಭವಲ್ಲ. ಅವನು ಕಟ್ಟಿದವನು. ಆದರೆ ಆ ಕಾರ್ಖಾನೆಗಳ ಕೆಲಸ ಬಹುಮಟ್ಟಿಗೆ ಬಿಳಿಯರ ಪಾಲಿಗೇ ಬಿತ್ತು. ಸಂಸ್ಥಾನದ ಅರ್ಧಕ್ಕೆ ಸಮೀಪದ ಪ್ರಜೆಗಳು ತಕ್ಕಡಿಯ ಯಾವ ತಟ್ಟೆಯಲ್ಲೂ ಇರಲಿಲ್ಲ.

1952ರಲ್ಲಿ ಅವನು ಮತ್ತೆ ಗವರ್ನರನಾದನು. ಅಷ್ಟು ಹೊತ್ತಿಗೆ ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ಶಾಲೆಗಳ ಮೊಕದ್ದಮೆಗಳು ನಡೆಯುತ್ತಿದ್ದುವು. ‘ಬೇರೆಯಾದರೂ ಸಮಾನ’ ಎಂಬ 1896ರ ನ್ಯಾಯಸೂತ್ರ ಉಳಿಯಬೇಕಾದರೆ ಸಮಾನತೆಯನ್ನು ತೋರಿಸಬೇಕಾಗಿತ್ತು; ತೋರಿಸಲು ಏನೂ ಇರಲಿಲ್ಲ. 1953ರಲ್ಲಿ ವೈಟನು ವಿಶೇಷಾಧಿವೇಶನವನ್ನು ಕರೆಸಿ ಕಪ್ಪುಮಕ್ಕಳ ಶಾಲೆಗಳನ್ನು ಬಿಳಿಯರ ಶಾಲೆಗಳ ಮಟ್ಟಕ್ಕೆ ಏರಿಸುವ ಯೋಜನೆಯನ್ನು ಮುಂದಿಟ್ಟನು. 1954ನೆಯ ಮೇ 17ರಂದು ತೀರ್ಪು ಬಂದು, ಬೇರ್ಪಡಿಸಿದ ಶಾಲೆಯು ಸಮಾನವಾಗಿರಲಾರದೆಂದು ಇತ್ಯರ್ಥವಾಯಿತು. ಆಗಲೂ ಸಾಹುಕಾರನ ಧೈರ್ಯ ಕುಂದಲಿಲ್ಲ. ಜುಲೈ ತಿಂಗಳಲ್ಲಿ ಕಪ್ಪುಜನರ ಮುಖಂಡರನ್ನು ರಾಜಧಾನಿಗೆ ಬರಮಾಡಿಕೊಂಡನು. ನಿಮಗೆ ಒಳ್ಳೆಯ ಕಟ್ಟಡ, ಒಳ್ಳೆಯ ಸಂಬಳದ ಉಪಾಧ್ಯಾಯರು. ನೀವಾಗಿ ಬೇರೆಯಿರಲು ಒಪ್ಪಿರಿ ಎಂಬುದು ಅವನ ಪ್ರಸ್ತಾಪದ ಸಾರ. ವ್ಯಾಪಾರಿಯ ಅನುಭವದಲ್ಲಿ ಬೆಲೆ ಹೆಚ್ಚಿಸಿದರೆ ಒಪ್ಪದವನಿಲ್ಲ. ಬಂದವರಲ್ಲಿ ಡಾಕ್ಟರ್ ಟಿ. ಆರ್. ಎಂ. ಹೋವರ್ಡರಂಥ ಅನುಕೂಲಸ್ಥರೂ ಇದ್ದರು, ಗವರ್ನರನ ಕೃಪೆಯಿಂದಲೇ ಬಾಳಬೇಕಾದವರೂ ಇದ್ದರು. ಬೆರಳೆಣಿಕೆಯವರನ್ನು ಬಿಟ್ಟು ಎಲ್ಲರೂ ತೀರ್ಪಿನ ಪಕ್ಷದಲ್ಲಿ ನಿಂತರು. ವೈಟನಿಗೆ ಇದು ಅರ್ಥವೇ ಆಗಲಿಲ್ಲವೆಂದು ತೋರುತ್ತದೆ. ಅದೇ ವರ್ಷ ಡಿಸೆಂಬರಿನಲ್ಲಿ, ಅಗತ್ಯ ಬಿದ್ದರೆ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಡಲು ಶಾಸನಸಭೆಗೆ ಅಧಿಕಾರ ಕೊಡುವ ಸಂವಿಧಾನದ ತಿದ್ದುಪಡಿಗೆ ಮತದಾರರ ಒಪ್ಪಿಗೆಯೂ ದೊರೆಯಿತು. ಒಂದೇ ಮಣೆಯಲ್ಲಿ ಕೂಡಿಸುವುದಕ್ಕಿಂತ ಮಣೆಯನ್ನೇ ಸುಟ್ಟುಬಿಡುವುದು ಮೇಲಾಯಿತು! ಮರು ವರ್ಷ, 1955ರ ಆಗಸ್ಟಿನಲ್ಲಿ, ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಹುಡುಗನನ್ನು ಅವನ ಸಂಸ್ಥಾನದಲ್ಲಿ ಕೊಂದು ನದಿಗೆ ಹಾಕಿದರು. ಗವರ್ನರನು ಕೊಲೆಯನ್ನು ಖಂಡಿಸಿದನು. ಬಿಳಿಯರೇ ತುಂಬಿದ್ದ ಪಂಚಾಯಿತರು ಸುಮಾರು ಒಂದು ಗಂಟೆಯೊಳಗೆ ಆಪಾದಿತರನ್ನು ಬಿಟ್ಟುಬಿಟ್ಟರು.

ಚರಿತ್ರೆಯು ಇಲ್ಲಿಗೆ ನಿಲ್ಲುತ್ತದೆ. ಕೊಡಲು ಇಷ್ಟು ಸಿದ್ಧನಾಗಿದ್ದವನು ಆ ಒಂದನ್ನು ಮಾತ್ರ ಏಕೆ ಕೊಡಲಾರದೆ ಹೋದನೆಂಬುದನ್ನು ಕಾಗದಪತ್ರಗಳು ಹೇಳವು. ಅದನ್ನು ಹೇಳಿದವರು ಹನ್ನೆರಡು ವರ್ಷ ಮುಂಚೆಯೇ ಕಥೆ ಬರೆದಿದ್ದ ಫಾಕ್ನರರು.

1942ರಲ್ಲಿ ಪ್ರಕಟವಾದ ‘ಗೋ ಡೌನ್, ಮೋಸಸ್’ ಗ್ರಂಥದ ನಡುವಿನ ದೊಡ್ಡ ಕಥೆಯಲ್ಲಿ ಒಂದು ಮಹಾರಣ್ಯ, ಒಂದು ಮುದಿ ಕರಡಿ, ಬೇಟೆ ಕಲಿಯುವ ಹುಡುಗ ಐಕ್. ಕರಡಿ ಸತ್ತ ಮೇಲೆ ಕಾಡಿನೊಡೆಯನು ಮರದ ಹಕ್ಕನ್ನು ಮೆಂಫಿಸ್ ನಗರದ ಕಂಪೆನಿಗೆ ಮಾರುತ್ತಾನೆ. ಆ ವ್ಯಾಪಾರದ ಮಾತುಕತೆಯನ್ನು ಗ್ರಂಥಕರ್ತರು ತೋರಿಸುವುದೇ ಇಲ್ಲ. ಮಾರಿದವನು ಮತ್ತೆ ಆ ಕಾಡಿಗೆ ಕಾಲಿಡದೆ ಹೋದನೆಂಬುದಷ್ಟೆ ತಿಳಿಯುತ್ತದೆ. ಅವನ ನಾಚಿಕೆಯನ್ನು ಹೇಳಲು ಇಷ್ಟು ಸಾಕು. ಇದೇ ಕಥೆಯ ನಾಲ್ಕನೆಯ ಭಾಗದಲ್ಲಿ ಐಕ್ ತನ್ನ ಮನೆತನದ ಹಳೆಯ ಲೆಕ್ಕದ ಪುಸ್ತಕಗಳನ್ನು ಬಿಚ್ಚುತ್ತಾನೆ. ಉಪ್ಪು, ಬಟ್ಟೆ, ಆಳುಗಳ ಕ್ರಯ ಇವುಗಳ ನಡುವೆ ಒಂದು ಬಾಬು: ಅಜ್ಜನು ತನ್ನ ಗುಲಾಮಳಲ್ಲಿ, ಅವಳೂ ತನಗೆ ಹುಟ್ಟಿದ ಮಗಳೇ, ಪಡೆದ ಮಗನಿಗೆ ಸಾವಿರ ಡಾಲರು ಬಿಟ್ಟುಹೋಗಿದ್ದಾನೆ. ಮಗನೆಂದು ಬಾಯಿ ತುಂಬ ಕರೆಯುವುದಕ್ಕಿಂತ ಅದು ಅಗ್ಗವಾಗಿ ಕಂಡಿತೆಂದು ಮೊಮ್ಮಗನಿಗೆ ಹೊಳೆಯುತ್ತದೆ. ವೈಟನ ಶಾಲೆಯ ಯೋಜನೆಗೆ ಇದಕ್ಕಿಂತ ನಿಕರವಾದ ಭಾಷ್ಯವನ್ನು ಯಾವ ಚರಿತ್ರಕಾರನೂ ಬರೆದಿಲ್ಲ. ಉದಾರಿಯ ದಾನವು ಕೆಲವೊಮ್ಮೆ ತಪ್ಪಿಸಿಕೊಳ್ಳುವುದಕ್ಕೆ ಕಟ್ಟಿದ ಸುಂಕ.

ಆ ಸುಂಕ ಒಂದು ತಲೆಮಾರಿಗೆ ತೀರುವುದಿಲ್ಲ. ‘ಡೆಲ್ಟಾ ಆಟಮ್’ ಎಂಬ ಮುಂದಿನ ಕಥೆಯಲ್ಲಿ ಐಕ್ ಎಂಬತ್ತರ ಸಮೀಪದ ಮುದುಕ; ಕಾಡು ಬಹುದೂರ ಹಿಂದೆ ಸರಿದಿದೆ. ಅವನ ಬಂಧುವಾದ ಯುವಕನು ಒಬ್ಬ ಹೆಣ್ಣಿಗೆ ಕೊಡೆಂದು ನೋಟುಗಳ ಲಕ್ಕೋಟೆಯನ್ನು ಅವನ ಕೈಗಿತ್ತು ಹೋಗಿರುತ್ತಾನೆ. ಅವಳು ಮಗುವನ್ನೆತ್ತಿಕೊಂಡು ಬಂದಾಗ, ಅವಳೂ ಆ ಸಾವಿರ ಡಾಲರಿನ ಮಗನ ವಂಶದವಳೆಂದು ಗೊತ್ತಾಗುತ್ತದೆ. ಅಜ್ಜನ ಪಾಪಕ್ಕಾಗಿ ಆಸ್ತಿಯನ್ನೇ ಬಿಟ್ಟ ಐಕ್, ಮೂರು ಕಥೆಗಳಲ್ಲಿ ಓದುಗರ ಪ್ರೀತಿಯನ್ನು ಗಳಿಸಿದವನು, ಅವಳಿಗೆ ಉತ್ತರ ದೇಶಕ್ಕೆ ಹೋಗಿ ನಿನ್ನ ಜನದವನನ್ನೇ ಮದುವೆಯಾಗೆಂದು ಉಪದೇಶಿಸುತ್ತಾನೆ. ಫಾಕ್ನರರ ವಾಕ್ಯಗಳು ಪುಟಗಟ್ಟಲೆ ಹರಿಯುತ್ತವೆ, ಕರ್ತೃಪದ ಒಂದು ಹಾಳೆಯಲ್ಲಿ ಕ್ರಿಯಾಪದ ಇನ್ನೊಂದರಲ್ಲಿ. ಕನ್ನಡಕ್ಕೆ ತರುವವನು ಎದೆಗಾರನಾಗಿರಬೇಕು. ಆದರೂ ಈ ಒಂದು ಗುಡಾರದ ದೃಶ್ಯಕ್ಕಾಗಿ ಎಲ್ಲ ಶ್ರಮವನ್ನೂ ಸಹಿಸಬಹುದು.

ಇನ್ನು ‘ಚೋಮನ ದುಡಿ’. 1933ರ ಈ ಕೃತಿಯು ಗಾತ್ರದಲ್ಲಿ ಚಿಕ್ಕದು, ಮಾತಿನಲ್ಲಿ ಮಿತವಾದುದು. ಚೋಮನು ಅಸ್ಪೃಶ್ಯನೆನಿಸಿಕೊಂಡ ಜೀತದಾಳು. ಅವನಲ್ಲಿ ಒಂದು ಜೊತೆ ಎತ್ತುಗಳಿವೆ, ಉಳಲು ನೆಲವಿಲ್ಲ. ಅವನ ಜಾತಿಯವನು ಬೇಸಾಯಗಾರನಾಗಕೂಡದೆಂಬುದು ಆಚಾರ. ಒಡೆಯ ಸಂಕಪ್ಪಯ್ಯನು ಕ್ರೂರಿಯಲ್ಲ. ಅವನಿಗೆ ಕೊಡುವ ಮನಸ್ಸೂ ಉಂಟು. ತಾಯಿಯ ವಿರೋಧದ ಮುಂದೆ ಆ ಮನಸ್ಸು ಮುದುರಿಕೊಳ್ಳುತ್ತದೆ. ಬತ್ತ ಕೇಳಿದ್ದರೆ ಬತ್ತ ಸಿಕ್ಕುತ್ತಿತ್ತು. ಚೋಮನು ಕೇಳಿದುದು ಧರ್ಮವನ್ನಲ್ಲ, ಒಕ್ಕಲುತನವನ್ನು. ಎಂದರೆ ಊರವರಲ್ಲಿ ಒಬ್ಬನಾಗುವ ಹಕ್ಕನ್ನು. ಮುಂದೆ ಅವನ ಮಗನೊಬ್ಬನು ನೀರಿನಲ್ಲಿ ಮುಳುಗುತ್ತಿರುವಾಗ ದಡದಲ್ಲಿದ್ದ ಮೇಲುಜಾತಿಯವರು ಮೈಲಿಗೆಗೆ ಅಂಜಿ ನಿಲ್ಲುತ್ತಾರೆ. ಸಂಕಪ್ಪಯ್ಯನ ಮರ್ಯಾದೆಯ ನಿರಾಕರಣೆಗೂ ದಡದ ಈ ನಿಲುವಿಗೂ ನಂಟನ್ನು ಗ್ರಂಥಕರ್ತರು ಎತ್ತಿ ಹೇಳುವುದಿಲ್ಲ. ಹೇಳದಿರುವುದೇ ಕಾದಂಬರಿಯ ಬಲ.

ಒಂದು ಆಕ್ಷೇಪಣೆಗೆ ಅವಕಾಶವಿದೆ. ಕಾರಂತರು ಆಚಾರದ ಭಾರವನ್ನೆಲ್ಲ ಮುದುಕಿಯ ತಲೆಗೆ ಹೊರಿಸಿ ಮಗನನ್ನು ಸ್ವಲ್ಪ ಅಗ್ಗವಾಗಿ ಬಿಟ್ಟಿದ್ದಾರೆ. ತಾಯಿಯ ಮಾತನ್ನು ಮೀರಲಾರೆನೆನ್ನುವ ಒಡೆಯನಿಗೆ ಆ ಮಾತಿನಿಂದ ಅನುಕೂಲವೂ ಇಲ್ಲವೆ? ಪುಕ್ಕಟೆಯ ಜೀತ ಅವನ ಗದ್ದೆಯಲ್ಲೇ ನಡೆಯುತ್ತಿದೆ. ಫಾಕ್ನರರು ಲೆಕ್ಕದ ಪುಸ್ತಕವನ್ನು ಬಿಚ್ಚಿದಂತೆ ಕಾರಂತರು ಸಂಕಪ್ಪಯ್ಯನ ಕಡತವನ್ನು ಬಿಚ್ಚಿದ್ದರೆ ಅವನ ಮರುಕದ ತೂಕ ಇನ್ನಷ್ಟು ತಿಳಿಯುತ್ತಿತ್ತು. ಆದರೆ ಫಾಕ್ನರರಲ್ಲಿಲ್ಲದ ಒಂದು ಕಾರಂತರಲ್ಲುಂಟು: ಇಡೀ ಕಥೆಯನ್ನು ಅವರು ಕೇಳುವವನ ಗುಡಿಸಲಿನಿಂದ ನೋಡಿದ್ದಾರೆ. ಅಲ್ಲಿ ಬಿಳಿಯನ ಪಶ್ಚಾತ್ತಾಪವೇ ನಾಯಕ. ಇಲ್ಲಿ ಚೋಮನೇ ನಾಯಕ.

ಮಿಸಿಸಿಪ್ಪಿಯು ದೂರದೇಶವೆಂದು ಸಮಾಧಾನಪಟ್ಟುಕೊಳ್ಳಲು ಮೈಸೂರು ಸೀಮೆಯವರಿಗೆ ಹಕ್ಕಿಲ್ಲ. ಹಕ್ಕಿಗೆ ಹಿತ್ತಿಲ ಮರವನ್ನು ಬಿಟ್ಟುಕೊಟ್ಟ ಸೀಮೆಯೇ ಮನುಷ್ಯನಿಗೆ ಊರ ಹೊರಗೆ ಕೇರಿ ಕಟ್ಟಿತು. ಅಸ್ಪೃಶ್ಯರಿಗೆಂದು ಬೇರೆ ಬಾವಿ ತೋಡಿಸಿದವರನ್ನು ಪುಣ್ಯವಂತರೆಂದು ಕೊಂಡಾಡಿದ ಕಾಲವೊಂದಿತ್ತು. ತೋಡಿಸಿದವರಲ್ಲಿ ನಿಜವಾಗಿ ಮರುಗಿದವರೂ ಇದ್ದರು. 1927ರ ಮಾರ್ಚಿಯಲ್ಲಿ ಅಂಬೇಡ್ಕರರೊಡನೆ ಮಹಾಡದ ಚವದಾರ ಕೆರೆಗೆ ಇಳಿದವರು ಕೇಳಿದುದು ಬೇರೆ ಬಾವಿಯನ್ನಲ್ಲ, ಎಲ್ಲರೂ ಕುಡಿಯುವ ಆ ನೀರನ್ನೇ. ಇಪ್ಪತ್ತೇಳು ವರ್ಷದ ಮೇಲೆ ವೈಟನ ಮುಂದೆ ಕುಳಿತವರೂ ಹೊಸ ಕಟ್ಟಡಗಳನ್ನು ಬೇಡವೆಂದುದು ಇದೇ ಅರ್ಥದಲ್ಲಿ.

ತನ್ನ ಮುದುಕನ ಕೊರತೆಯನ್ನು ಅಷ್ಟು ಸ್ಪಷ್ಟವಾಗಿ ಕಂಡ ಫಾಕ್ನರರು ತಾವೇ ಅದರಿಂದ ಪಾರಾಗಲಿಲ್ಲ. 1956ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಅವರು, ಬೇರ್ಪಡಿಕೆ ತಪ್ಪೆಂದು ಒಪ್ಪುತ್ತಲೇ, ಅವಸರ ಬೇಡವೆಂದು ಉತ್ತರದವರಿಗೆ ಬರೆದರು. ಹಿರಿಯ ವಿದ್ವಾಂಸರಾದ ಡು ಬೋಯಿಸರು ಮಿಸಿಸಿಪ್ಪಿಯಲ್ಲೇ ವಾದಕ್ಕೆ ಬರುವಂತೆ ಕರೆದರು, ಫಾಕ್ನರರು ಒಪ್ಪಲಿಲ್ಲ. ಜೇಮ್ಸ್ ಬಾಲ್ಡ್‌ವಿನ್ನರು ಅದೇ ವರ್ಷ ಕಟುವಾದ ಉತ್ತರವನ್ನು ಬರೆದರು. ಕಥೆ ಬರೆದ ಕೈಯೇ ಆ ಪತ್ರವನ್ನೂ ಬರೆಯಿತೆಂಬುದರಿಂದ ಕಥೆಯ ಬೆಲೆ ಕುಗ್ಗುವುದಿಲ್ಲ. ಗುಡಾರದಲ್ಲಿ ಮಲಗಿ ನಡುಗುವ ಮುದುಕನನ್ನು ಎಲ್ಲಿಂದ ತಂದರೆಂಬುದು ಮಾತ್ರ ಆಗ ತಿಳಿಯುತ್ತದೆ.

ಎರಡು ಗ್ರಂಥಗಳನ್ನೂ ಒಂದರ ಹಿಂದೆ ಒಂದು ಓದುವವರು ‘ಚೋಮನ ದುಡಿ’ಯನ್ನು ಮೊದಲು ಓದುವುದು ಲೇಸು, ಅದಕ್ಕೆ ಒಂದು ರಾತ್ರಿ ಸಾಕು. ಇನ್ನೊಂದಕ್ಕೆ ಒಂದು ತಿಂಗಳಾದರೂ ಬೇಕು. ಕರಡಿಯ ಬೇಟೆ ರಮ್ಯವಾಗಿದೆಯೆಂದು ಅಲ್ಲಿಗೇ ನಿಲ್ಲಿಸಬಾರದು. ಲೆಕ್ಕದ ಪುಸ್ತಕದ ಭಾಗ ಕಠಿನವೆಂದು ಹಾರಿಸಲೂ ಬಾರದು. ಹಾರಿಸಿದವರಿಗೆ ಕೊನೆಯಲ್ಲಿ ಬರುವ ಲಕ್ಕೋಟೆಯು ಬರಿಯ ನೋಟಿನ ಕಟ್ಟಾಗಿ ಕಾಣುತ್ತದೆ.