ಗಾಳಿ ನಿಂತರೆ ಸಾಕೆ?

ಕಾರಿನ ಟೈರು ಚೆನ್ನಾಗಿದೆಯೇ ಎಂದು ತಿಳಿಯಲು ನಮ್ಮ ಕಡೆ ರೂಢಿಯಲ್ಲಿರುವ ಪರೀಕ್ಷೆ ಒಂದೇ: ಹೊರಡುವ ಮುಂಚೆ ಕಾಲಿನಿಂದ ಒದ್ದು ನೋಡುವುದು. ಗಟ್ಟಿ ಅನ್ನಿಸಿದರೆ ಗಾಡಿ ಹೊರಟಿತು. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ಹಳ್ಳಿಗಳಲ್ಲಿ ಇಂದು ಕಾರು ಶೋಕಿಯ ವಸ್ತುವಲ್ಲ. ನಡುರಾತ್ರಿಯ ಹೆರಿಗೆಗೆ, ಹುಬ್ಬಳ್ಳಿಯ ದವಾಖಾನೆಗೆ, ಬೀಗರ ಮನೆಯ ಕಾರ್ಯಕ್ಕೆ ಅದೇ ಆಸರೆ. ಅಷ್ಟು ಜೀವಗಳನ್ನು ಹೊತ್ತ ಗಾಡಿ ನೆಲವನ್ನು ಮುಟ್ಟುವುದು ನಾಲ್ಕು ಕಡೆ ಮಾತ್ರ, ಒಂದೊಂದು ಕಡೆ ಹೆಚ್ಚುಕಡಿಮೆ ಅಂಗೈಯಗಲ. ಬ್ರೇಕು ಎಷ್ಟೇ ಚಲೋ ಇರಲಿ, ಗಾಡಿಯನ್ನು ಕೊನೆಗೆ ನಿಲ್ಲಿಸುವುದು ಆ ಅಂಗೈಯಗಲದ ರಬ್ಬರು. ಅದನ್ನು ನಾವು ಪಂಕ್ಚರ್ ಆದ ದಿನ ಮಾತ್ರ ನೆನೆಯುತ್ತೇವೆ. ದುರಸ್ತಿಯನ್ನೇ ಆರೈಕೆ ಎಂದು ನಂಬಿದ ಈ ರೂಢಿ ಜೀವವನ್ನೂ ಕಾಯುವುದಿಲ್ಲ, ದುಡ್ಡನ್ನೂ ಉಳಿಸುವುದಿಲ್ಲ ಎಂಬುದು ನನ್ನ ವಾದ.

ಮೊದಲು ಗಾಳಿಯ ಮಾತು. ಇಂದಿನ ಕಾರುಗಳ ರೇಡಿಯಲ್ ಟೈರು ಗಾಳಿ ಸರಿಯಿದ್ದಾಗಲೂ ಬುಡದಲ್ಲಿ ಕೊಂಚ ಉಬ್ಬಿಯೇ ಕಾಣುತ್ತದೆ. 32 ಪಿಎಸ್‌ಐ ಇರಬೇಕಾದಲ್ಲಿ 24 ಇದ್ದರೂ ಕಣ್ಣಿಗಾಗಲಿ ಕಾಲಿಗಾಗಲಿ ತಿಳಿಯದು. “ಬ್ಯಾಸಗ್ಯಾಗ ಗಾಳಿ ಕಮ್ಮಿ ಇರ್ಲಿ, ಇಲ್ಲಾಂದ್ರ ಟೈರ್ ಒಡಿತೈತಿ” ಎಂಬ ನಂಬಿಕೆ ಇದಕ್ಕಿಂತ ಅಪಾಯಕಾರಿ. ಬಿಸಿಗೆ ಗಾಳಿ ಹಿಗ್ಗುವುದು ನಿಜ. ಆದರೆ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಕಂಪನಿ ಬರೆದಿರುವ ಒತ್ತಡ ತಣ್ಣಗಿರುವ ಟೈರಿನದು. ಓಡುವಾಗ ಅದು ಏರುತ್ತದೆಂಬ ಲೆಕ್ಕ ಅದರೊಳಗೇ ಇದೆ. ಟೈರನ್ನು ಒಳಗಿನಿಂದ ಸುಡುವುದು ಗಾಳಿಯ ಕೊರತೆ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಅತಿಯಾಗಿ ಮಡಚಿ ಬಿಚ್ಚಿಕೊಳ್ಳುತ್ತದೆ. ಸಣ್ಣ ಕಾರಿನ ಟೈರು ಒಂದು ಕಿಲೋಮೀಟರಿಗೆ ಸುಮಾರು 550 ಸುತ್ತು ಉರುಳುತ್ತದೆ. ನವಲಗುಂದದಿಂದ ಹುಬ್ಬಳ್ಳಿ ಸುಮಾರು 35 ಕಿ.ಮೀ. ಅಂದರೆ ಒಮ್ಮೆ ಹೋಗುವಷ್ಟರಲ್ಲೇ ಹತ್ತೊಂಬತ್ತು ಸಾವಿರ ಮಡಿಕೆ. ಕಬ್ಬಿಣದ ತಂತಿಯನ್ನು ಒಂದೇ ಕಡೆ ಬಗ್ಗಿಸುತ್ತ ಹೋದರೆ ಬಿಸಿಯಾಗಿ ತುಂಡಾಗುವಂತೆ, ರಬ್ಬರು ಕಾಯ್ದು ಒಳಗಿನ ನೂಲಿನಿಂದ ಬಿಡುತ್ತದೆ. ಏಪ್ರಿಲ್ ಬಿಸಿಲಲ್ಲಿ ಐದು ಜನ ಕುಳಿತು, ಡಿಕ್ಕಿಯಲ್ಲಿ ಮೆಣಸಿನಕಾಯಿ ಚೀಲವಿದ್ದರೆ ಗಾಳಿ ಕಡಿಮೆ ಇರಬಾರದು, ಹೆಚ್ಚಿರಬೇಕು. ತುಂಬಿದ ಗಾಡಿಗೆ ಎಷ್ಟೆಂಬುದನ್ನು ಅನೇಕ ಗಾಡಿಗಳ ಚೀಟಿಯಲ್ಲಿ ಬೇರೆಯಾಗಿಯೇ ಬರೆದಿರುತ್ತಾರೆ.

ಎರಡನೆಯದು ಬಟನ್, ಅಂದರೆ ಟೈರಿನ ಮೇಲ್ಮೈಯ ಗೀರುಗಳು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 94ನೇ ನಿಯಮದಂತೆ ಕಾರಿನ ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ಅಳೆಯುವ ಗುರುತೂ ಟೈರಿನಲ್ಲೇ ಇದೆ: ಗೀರಿನ ತಳದಲ್ಲಿ ಅಡ್ಡಲಾಗಿ ಒಂದು ಸಣ್ಣ ದಿಬ್ಬ. ಮೇಲ್ಮೈ ಸವೆದು ಆ ದಿಬ್ಬಕ್ಕೆ ಸಮವಾಯಿತೆಂದರೆ ಟೈರಿನ ಆಯುಷ್ಯ ಮುಗಿಯಿತು. ಗೀರುಗಳಿರುವುದು ರಸ್ತೆಯ ಮೇಲಿನ ನೀರನ್ನು ಹೊರಗೆ ತಳ್ಳಲಿಕ್ಕೆ. ಎರಿ ಸೀಮೆಯಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಮಳೆಗಾಲದಲ್ಲಿ ಹೊಲದ ದಾರಿಯಿಂದ ಡಾಂಬರಿಗೆ ಏರಿದ ಗಾಡಿಯ ಗೀರುಗಳಲ್ಲಿ ಕರಿಮಣ್ಣು ಅರೆದ ಹಿಟ್ಟಿನಂತೆ ಮೆತ್ತಿಕೊಂಡಿರುತ್ತದೆ. ಹೊಸ ಟೈರೂ ಆ ಹೊತ್ತಿಗೆ ಬೋಳು ಟೈರೇ. ಕಡ್ಡಿಯಿಂದ ಕೆದಕಿ, ಒಂದು ಕೊಡ ನೀರು ಸುರಿದರೆ ಆ ಅಪಾಯ ಹೋಗುತ್ತದೆ. ನವಲಗುಂದದ ಎರಿಯಿಂದ ಕಲಘಟಗಿಯ ಅರೆಮಲೆನಾಡಿನವರೆಗೆ ಒಂದೇ ರಾಷ್ಟ್ರೀಯ ಹೆದ್ದಾರಿ 52 ಸಾಗುತ್ತದೆ. ಒಂದು ತುದಿಯಲ್ಲಿ ಸಾಲದ ಬಟನ್ ಇನ್ನೊಂದು ತುದಿಯ ಜಡಿಮಳೆಯಲ್ಲಿ ಎಂದೂ ಸಾಲದು.

“ಇದೆಲ್ಲ ರೊಕ್ಕ ಇದ್ದವರ ಮಾತು” ಎಂಬ ಆಕ್ಷೇಪ ಹಗುರವಾದುದಲ್ಲ. ಹೆಸರಿನ ಬೆಳೆ ಕೈಕೊಟ್ಟ ವರ್ಷ ನಾಲ್ಕು ಟೈರು ಹೊಸದಾಗಿ ಹಾಕಿಸುವುದು ರೈತನಿಗೆ ಭಾರವೇ. ಆದರೆ ಈ ಭಾರ ಬೇಗ ಬರುವುದು ಆರೈಕೆ ಇಲ್ಲದ್ದರಿಂದ. ಗಾಳಿ ಕಡಿಮೆಯಿದ್ದರೆ ಟೈರಿನ ಎರಡೂ ಅಂಚು ಸವೆಯುತ್ತವೆ, ಹೆಚ್ಚಾದರೆ ನಡುಭಾಗ ಸವೆಯುತ್ತದೆ, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಎರಡು ಬೆರಳಗಲ ಸವೆದದ್ದಕ್ಕೆ ಇಡೀ ಟೈರು ಬಿಸಾಡಬೇಕಾಗುತ್ತದೆ. ಎಣ್ಣೆಯ ಉಳಿತಾಯ ದೊಡ್ಡದೇನಲ್ಲ. ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜು ಸುಮಾರು ಶೇಕಡಾ 0.2ರಷ್ಟು ಇಳಿಯುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ನಿಜವಾದ ಉಳಿತಾಯ ಟೈರಿನ ಆಯುಷ್ಯದಲ್ಲಿದೆ. ಎಂಟು-ಹತ್ತು ಸಾವಿರ ಕಿ.ಮೀ.ಗೊಮ್ಮೆ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿದರೆ ನಾಲ್ಕೂ ಸಮನಾಗಿ ದುಡಿಯುತ್ತವೆ.

“ಬಸ್ಸಿಗೇ ರಿಸೋಲ್ ಟೈರು ನಡೆಯುತ್ತದಲ್ಲ” ಎನ್ನುವವರಿದ್ದಾರೆ. ನಡೆಯುತ್ತದೆ. ಆದರೆ ಸಾರಿಗೆ ಸಂಸ್ಥೆಗಳು ಒಂದೊಂದು ಟೈರು ಓಡಿದ ಕಿಲೋಮೀಟರಿನ ಲೆಕ್ಕ ಇಡುತ್ತವೆ, ಒಡಲು ಗಟ್ಟಿಯಿದ್ದರಷ್ಟೇ ಹೊಸ ಮೇಲ್ಪದರ ಕೂಡಿಸುತ್ತವೆ. ಬೋಳಾದ ಕಾರಿನ ಟೈರಿಗೆ ಬಿಸಿ ಬ್ಲೇಡಿನಿಂದ ಗೀರು ಕೊರೆಸುವುದು ಅದಕ್ಕೆ ಸಮವಲ್ಲ. ಮೊದಲೇ ತೆಳುವಾದ ರಬ್ಬರನ್ನು ಇನ್ನಷ್ಟು ತೆಳುಮಾಡುವ ಮೋಸ ಅದು. ಹಳೆಯ ಟೈರು ಕೊಳ್ಳುವವರು ಪಕ್ಕೆಯ ಮೇಲಿನ ನಾಲ್ಕಂಕಿ ಓದಬೇಕು. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ಹಳ್ಳಿಯ ಕಾರುಗಳಲ್ಲಿ ಬಟನ್ ಸವೆಯುವ ಮುಂಚೆಯೇ ರಬ್ಬರು ಬಿಸಿಲಿಗೆ ಒಣಗಿ ಬಿರುಕು ಬಿಡುವುದೂ ಉಂಟು.

ಕೊನೆಯ ಆಕ್ಷೇಪ ರಸ್ತೆಯದು: “ಇಂಥ ರಸ್ತ್ಯಾಗ ಯಾವ ಟೈರ್ ಉಳಿತೈತಿ?” ಎರಿ ಮಣ್ಣು ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದರ ಮೇಲಿನ ಡಾಂಬರಿನ ಅಂಚು ಕುಸಿದು ಕತ್ತಿಯಂತಾಗುತ್ತದೆ. ಬೆಣ್ಣಿಹಳ್ಳ ತುಂಬಿ ಹರಿದ ಮೇಲಂತೂ ರಸ್ತೆಯ ಗತಿ ಹೇಳುವುದೇ ಬೇಡ. ಒಳ್ಳೆಯ ರಸ್ತೆ ಕೇಳುವುದು ನಮ್ಮ ಹಕ್ಕು, ಕೇಳಲೇಬೇಕು. ಆದರೆ ರಸ್ತೆ ಕೆಟ್ಟಷ್ಟೂ ಟೈರಿನ ಮೇಲೆ ನಿಗಾ ಹೆಚ್ಚಬೇಕು. ಗುಂಡಿಗೆ ಬಿದ್ದಾಗ ಗಾಳಿ ಕಡಿಮೆಯಾದ ಟೈರಿನ ಪಕ್ಕೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕು ಜಜ್ಜಿಹೋಗುತ್ತದೆ. ಕೆಲವು ದಿನಗಳ ಮೇಲೆ ಅಲ್ಲಿ ಲಿಂಬೆಹಣ್ಣಿನಷ್ಟು ಬಾವು ಏಳುತ್ತದೆ. ಆ ಬಾವಿಗೆ ಯಾವ ಪಂಕ್ಚರ್ ಅಂಗಡಿಯಲ್ಲೂ ಔಷಧವಿಲ್ಲ. ಟೈರು ಬದಲಿಸುವುದೊಂದೇ ದಾರಿ.

ಆರೈಕೆ ಈ ಸೀಮೆಗೆ ಹೊಸದಲ್ಲ. ಅಚ್ಚಿಗೆ ಕೀಲೆಣ್ಣೆ ಹಾಕದೆ ಚಕ್ಕಡಿ ಹೂಡದವರು, ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದವರು ನಾವು. ಇಂದಿಗೂ ಅನೇಕರು ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು ಪೂಜೆ ಮಾಡುತ್ತಾರೆ. ಚಲೋ ಟೈರೂ ತಿಂಗಳಿಗೆ ಒಂದು ಪಿಎಸ್‌ಐನಷ್ಟು ಗಾಳಿ ತಾನಾಗಿಯೇ ಕಳೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಅಳೆಯಲು ಅಮಾವಾಸ್ಯೆಗಿಂತ ಒಳ್ಳೆಯ ದಿನವಿಲ್ಲ. ಆ ಬೆಳಿಗ್ಗೆ, ಗಾಡಿ ಇನ್ನೂ ತಣ್ಣಗಿರುವಾಗ, ಕಾಯಿ ಒಡೆಯುವ ಮುಂಚೆ ನಾಲ್ಕೂ ಟೈರಿಗೆ, ಜೊತೆಗೆ ಸ್ಟೆಪ್ನಿಗೂ ಗೇಜು ಹಚ್ಚಿ ನೋಡಿರಿ. ಗೀರಿನ ಮಣ್ಣು ತೆಗೆಯಿರಿ, ಪಕ್ಕೆಯ ಮೇಲೆ ಕೈಯಾಡಿಸಿರಿ. ಅದೂ ಪೂಜೆಯ ಭಾಗವೇ ಆಗಲಿ.