ವರೇಂದ್ರ ಸಂಗ್ರಹಾಲಯದ ಆದಿನಾಥ ಬಿಂಬ : ಒಂದು ಪರಾಮರ್ಶೆ

ಬಾಂಗ್ಲಾದೇಶದ ರಾಜಶಾಹಿ ನಗರದಲ್ಲಿರುವ ವರೇಂದ್ರ ಸಂಶೋಧನ ವಸ್ತುಸಂಗ್ರಹಾಲಯವು 1910ರಲ್ಲಿ ಶರತ್‌ಕುಮಾರ ರಾಯ್, ಅಕ್ಷಯಕುಮಾರ ಮೈತ್ರೇಯ, ರಮಾಪ್ರಸಾದ ಚಂದ ಇವರ ಪ್ರಯತ್ನದಿಂದ ಆರಂಭವಾದುದು; 1964ರಿಂದ ಅಲ್ಲಿಯ ವಿಶ್ವವಿದ್ಯಾನಿಲಯದ ಅಧೀನದಲ್ಲಿದೆ. ಪಾಲ-ಸೇನರ ಕಾಲದ ಕೃಷ್ಣಶಿಲೆಯ ವಿಷ್ಣು, ಸೂರ್ಯ ಮತ್ತು ಬೌದ್ಧ ಮೂರ್ತಿಗಳೇ ಅಲ್ಲಿ ಹೇರಳ. ತಾಳೆಯೋಲೆಯ ಪ್ರಜ್ಞಾಪಾರಮಿತಾ ಪ್ರತಿಗಳೂ ಉಂಟು. ಇವನ್ನು ಕಂಡ ಜೈನ ಪ್ರೇಕ್ಷಕನು ವಂಗದೇಶದಲ್ಲಿ ನಮ್ಮದೇನೂ ಇಲ್ಲವೆಂದು ತೀರ್ಮಾನಿಸಿ ಹಿಂದಿರುಗುವುದು ಸುಲಭ. ಆ ತೀರ್ಮಾನ ಅವಸರದ್ದು.

ದಿನಾಜಪುರ ಪ್ರಾಂತದ ಸುರೋಹರದಲ್ಲಿ ದೊರೆತ ಆದಿನಾಥ ಬಿಂಬವು ಈ ಸಂಗ್ರಹಕ್ಕೆ ಸೇರಿದುದು. ಪದ್ಮಾಸನಸ್ಥ, ಧ್ಯಾನಮುದ್ರಾಯುಕ್ತ, ಪೀಠದಲ್ಲಿ ವೃಷಭಲಾಂಛನ. ಸುತ್ತಲೂ ಕಿರುಗುಡಿಗಳಲ್ಲಿ ಇತರ ತೀರ್ಥಂಕರರು. ಲಾಂಛನವನ್ನು ಗುರುತಿಸಿ ವಂದಿಸಿ ಮುಂದೆ ಸಾಗುವುದು ಶ್ರಾವಕನಿಗೆ ಸಾಕು, ಸಂಶೋಧಕನಿಗೆ ಸಾಲದು. ಇಂತಹ ಬಿಂಬವನ್ನು ಆರಾಧಿಸಿದ ಸಂಘ ಯಾವುದು, ಅದರ ಪೂರ್ವಪರಂಪರೆ ಏನು ಎಂಬುದೇ ನಿಜವಾದ ಪ್ರಶ್ನೆ.

ಉತ್ತರದ ಒಂದಂಶ ಅದೇ ವರೇಂದ್ರ ಭೂಮಿಯ ಪಹಾಡಪುರದ ತಾಮ್ರಶಾಸನದಲ್ಲಿದೆ. ಗುಪ್ತಸಂವತ್ 159, ಎಂದರೆ ಕ್ರಿ.ಶ. 479ರಲ್ಲಿ, ನಾಥಶರ್ಮನೆಂಬ ಬ್ರಾಹ್ಮಣನೂ ಅವನ ಪತ್ನಿ ರಾಮಿಯೂ ವಟಗೋಹಾಲಿಯ ವಿಹಾರದಲ್ಲಿ ಅರ್ಹಂತರ ಪೂಜೆಯ ಗಂಧ, ಧೂಪ, ಪುಷ್ಪ, ದೀಪಗಳಿಗಾಗಿ ಭೂಮಿಯನ್ನು ಕೊಂಡು ದಾನಮಾಡಿದರು. ಆ ವಿಹಾರವು ಕಾಶಿಯ ಪಂಚಸ್ತೂಪನಿಕಾಯದ ನಿರ್ಗ್ರಂಥಾಚಾರ್ಯ ಗುಹನಂದಿಯ ಶಿಷ್ಯಪ್ರಶಿಷ್ಯರ ಅಧಿಷ್ಠಾನದಲ್ಲಿತ್ತು. ಏಳನೆಯ ಶತಮಾನದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನೂ ಪುಂಡ್ರವರ್ಧನದಲ್ಲಿ ನಿರ್ಗ್ರಂಥರು ಬಹುಸಂಖ್ಯೆಯಲ್ಲಿದ್ದರೆಂದು ಹೇಳಿದ್ದಾನೆ.

‘ಪಂಚಸ್ತೂಪ’ ಎಂಬ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಧವಲಾಕಾರ ವೀರಸೇನಾಚಾರ್ಯರು ಪಂಚಸ್ತೂಪಾನ್ವಯದವರು. ಅವರ ಶಿಷ್ಯ ಜಿನಸೇನರು ಜಯಧವಲೆಯನ್ನು ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ, ಪೂರ್ಣಗೊಳಿಸಿದರು. ಆ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳನ್ನು ಕಾಪಾಡಿದ್ದು ಮೂಡಬಿದಿರೆಯ ಬಸದಿ. ಹೀಗೆ ವರೇಂದ್ರದ ತಾಮ್ರಪಟ್ಟವೂ ತುಳುನಾಡಿನ ಓಲೆಯೂ ಒಂದೇ ಹೆಸರನ್ನು ನುಡಿಯುತ್ತವೆ.

ಆದರೆ ಹೆಸರು ಒಂದಾದ ಮಾತ್ರಕ್ಕೆ ಗುರುಪರಂಪರೆ ಅವಿಚ್ಛಿನ್ನವೆಂದು ಸಾಧಿಸಿದಂತಾಗದು. ಶಾಸನಕ್ಕೂ ಜಯಧವಲೆಗೂ ನಡುವೆ 358 ವರ್ಷಗಳ ಅಂತರವಿದೆ. ಗುಹನಂದಿಯ ಶಿಷ್ಯರನ್ನು ವೀರಸೇನರ ಗುರುಗಳೊಡನೆ ಜೋಡಿಸುವ ಪಟ್ಟಾವಳಿ ನಮ್ಮ ಕೈಯಲ್ಲಿಲ್ಲ. ಅಭಿಮಾನದಿಂದ ಆ ಕೊಂಡಿಯನ್ನು ಕಲ್ಪಿಸುವುದು, ಏನೂ ಇಲ್ಲವೆಂದು ಹಿಂದಿರುಗುವುದು ಎರಡೂ ಸಮಾನ ದೋಷಗಳೇ. ಶಿಲ್ಪಜ್ಞರು ಶೈಲಿಯಿಂದ ಬಿಂಬದ ಕಾಲವನ್ನು ನಿರ್ಣಯಿಸಲಿ. ಪ್ರಶಸ್ತಿಗಳನ್ನು ಓದಬಲ್ಲ ನಮ್ಮ ಪಂಡಿತರು ಅನ್ವಯಗಳ ಹೆಸರುಗಳನ್ನು ಶಾಸನಗಳೊಡನೆ ತಾಳೆನೋಡಲಿ. ಈ ಎರಡು ಕೆಲಸಗಳೂ ಕೂಡಿದಾಗಲೇ ರಾಜಶಾಹಿಯ ಆದಿನಾಥ ಬಿಂಬದ ಪೂರ್ವೇತಿಹಾಸ ತಿಳಿದೀತು.